ಜಂಗಿ ಪಲ್ಟನ್: ಕೂತ್ ಮುತ್ತಿಗೆಯಿಂದ ಜಮಾಲ್‌ಪುರದವರೆಗೆ

ಭಾರತೀಯ ಭೂಸೇನೆಯ ಮರಾಠಾ ಲಘು ಪದಾತಿದಳದ ಒಂದನೇ ಬೆಟಾಲಿಯನ್ ‘ಜಂಗಿ ಪಲ್ಟನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. 1768ರಲ್ಲಿ ಬೊಂಬಾಯಿಯಲ್ಲಿ ಸ್ಥಾಪಿತವಾದ ಈ ಬೆಟಾಲಿಯನ್ ಭಾರತದ ಅತ್ಯಂತ ಹಳೆಯ ಪದಾತಿ ತುಕಡಿಗಳ ಸಾಲಿಗೆ ಸೇರುತ್ತದೆ. ಈ ರೆಜಿಮೆಂಟಿನ ಕೇಂದ್ರವು 1922ರಿಂದ ಬೆಳಗಾವಿಯಲ್ಲಿದ್ದು, ಮಹಾರಾಷ್ಟ್ರದ ಯುವಕರೊಂದಿಗೆ ಕರ್ನಾಟಕದ ಯುವಕರೂ ಇಲ್ಲಿ ತರಬೇತಿ ಹೊಂದಿ ಅದರ ವಿವಿಧ ಬೆಟಾಲಿಯನ್‌ಗಳಿಗೆ ಸೇರುತ್ತಾ ಬಂದಿದ್ದಾರೆ. ಆದಕಾರಣ ಈ ಬೆಟಾಲಿಯನ್ನಿನ ಯುದ್ಧಕಾಲದ ಇತಿಹಾಸವು ಕರ್ನಾಟಕದ ಅನೇಕ ಸೈನಿಕ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ. ಸಾರ್ವಜನಿಕರ ಹಾಗೂ ಮಾಜಿ ಸೈನಿಕರ ಕುಟುಂಬದವರ ಮಾಹಿತಿಗಾಗಿ ಆ ಇತಿಹಾಸದ ಮುಖ್ಯ ಘಟ್ಟಗಳನ್ನು ಇಲ್ಲಿ ನೀಡಲಾಗಿದೆ.

ಎರಡೂವರೆ ಶತಮಾನದ ಎಲ್ಲ ಯುದ್ಧಗಳನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಎರಡು ಮುತ್ತಿಗೆಗಳನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಲಾಗುವುದು. ಮೊದಲನೆಯದರಲ್ಲಿ ಪಲ್ಟನ್ ಮುತ್ತಿಗೆಯ ಒಳಗಿತ್ತು, ಎರಡನೆಯದರಲ್ಲಿ ಹೊರಗಿತ್ತು. ಇವೆರಡರ ನಡುವಿನ ಅಂತರ ಐವತ್ತೈದು ವರ್ಷ.

ಬೆಟಾಲಿಯನ್ ಎಂದರೆ ಏನು

ಪತ್ರಿಕೆಗಳಲ್ಲಿ ರೆಜಿಮೆಂಟ್, ಬೆಟಾಲಿಯನ್, ಬ್ರಿಗೇಡ್ ಎಂಬ ಪದಗಳು ಒಂದರ ಬದಲಿಗೆ ಮತ್ತೊಂದರಂತೆ ಬಳಕೆಯಾಗುವುದುಂಟು. ಪದಾತಿದಳದ ಮಟ್ಟಿಗೆ ರೆಜಿಮೆಂಟ್ ಎಂಬುದು ಒಂದು ಮನೆತನವಿದ್ದಂತೆ. ನೇಮಕಾತಿ, ತರಬೇತಿ, ದಾಖಲೆ, ಲಾಂಛನ ಮತ್ತು ಸಂಪ್ರದಾಯಗಳು ರೆಜಿಮೆಂಟಿಗೆ ಸೇರಿದವು. ಆದರೆ ರಣರಂಗಕ್ಕೆ ಹೋಗುವುದು ರೆಜಿಮೆಂಟಲ್ಲ, ಬೆಟಾಲಿಯನ್. ಸುಮಾರು 800 ಜನರ ಈ ಘಟಕದಲ್ಲಿ ನಾಲ್ಕು ರೈಫಲ್ ಕಂಪನಿಗಳು, ಮೋರ್ಟಾರ್ ಮುಂತಾದ ಭಾರಿ ಆಯುಧಗಳ ಒಂದು ಬೆಂಬಲ ಕಂಪನಿ ಮತ್ತು ಆಡಳಿತದ ವಿಭಾಗವಿರುತ್ತದೆ. ಇದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಅಥವಾ ಈಗ ಕರ್ನಲ್ ದರ್ಜೆಯ ಅಧಿಕಾರಿಯಾಗಿರುತ್ತಾರೆ. ಮೂರು ಬೆಟಾಲಿಯನ್‌ಗಳು ಸಾಮಾನ್ಯವಾಗಿ ಒಂದು ಬ್ರಿಗೇಡ್ ಆಗುತ್ತವೆ. ಒಂದೇ ಬ್ರಿಗೇಡಿನಲ್ಲಿರುವ ಮೂರು ಬೆಟಾಲಿಯನ್‌ಗಳು ಮೂರು ಬೇರೆ ಬೇರೆ ರೆಜಿಮೆಂಟ್‌ಗಳಿಗೆ ಸೇರಿರುವುದೇ ಹೆಚ್ಚು. ಹೀಗಾಗಿ ಒಂದೇ ರೆಜಿಮೆಂಟಿನ ಎರಡು ಬೆಟಾಲಿಯನ್‌ಗಳು ರಣರಂಗದಲ್ಲಿ ಪರಸ್ಪರ ಎದುರಾಗುವುದು ಅಪರೂಪದ ಸಂಗತಿ.

ಬ್ರಿಟಿಷರ ಕಾಲದಲ್ಲಿ ಈ ಬೆಟಾಲಿಯನ್‌ಗಳಿಗೆ ಪ್ರತ್ಯೇಕ ಸಂಖ್ಯೆಗಳಿದ್ದವು. ಇಂದಿನ ಒಂದನೇ ಬೆಟಾಲಿಯನ್ ಮೊದಲನೆಯ ಮಹಾಯುದ್ಧದ ವೇಳೆಗೆ 103ನೆಯ ಮರಾಠಾ ಲಘು ಪದಾತಿ ಎಂದೂ, ಮೂರನೆಯದು 110ನೆಯದೆಂದೂ, ಐದನೆಯದು 117ನೆಯದೆಂದೂ ಕರೆಯಲ್ಪಡುತ್ತಿದ್ದವು. 1922ರ ಪುನರ್ರಚನೆಯಲ್ಲಿ ಇವೆಲ್ಲವನ್ನೂ ಒಂದೇ ರೆಜಿಮೆಂಟಿನಡಿ ತರಲಾಯಿತು. 114ನೆಯ ಮರಾಠಾ ತುಕಡಿಯನ್ನು ತರಬೇತಿ ಬೆಟಾಲಿಯನ್ ಆಗಿ ಬೆಳಗಾವಿಯಲ್ಲಿ ನೆಲೆಗೊಳಿಸಲಾಯಿತು. ಇಂದಿನ ರೆಜಿಮೆಂಟಲ್ ಕೇಂದ್ರ ಬೆಳೆದಿರುವುದು ಇದರಿಂದಲೇ.

ಕೂತ್: 147 ದಿನಗಳು

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಪುಣೆಯ 6ನೆಯ ಡಿವಿಜನ್ನನ್ನು ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಕಳುಹಿಸಲಾಯಿತು. 103, 110 ಮತ್ತು 117ನೆಯ ಮರಾಠಾ ತುಕಡಿಗಳು ಈ ಡಿವಿಜನ್ನಿನ ಮೂರು ಬೇರೆ ಬೇರೆ ಬ್ರಿಗೇಡ್‌ಗಳಲ್ಲಿದ್ದವು. ಟೈಗ್ರಿಸ್ ನದಿಯನ್ನು ಅನುಸರಿಸಿ ಬಾಗ್ದಾದಿನ ಕಡೆಗೆ ಮುನ್ನಡೆದ ಈ ಸೈನ್ಯವು 1915ರ ನವೆಂಬರ್‌ನಲ್ಲಿ ಟೆಸಿಫೋನ್ ಎಂಬಲ್ಲಿ ತುರ್ಕಿ ಸೈನ್ಯವನ್ನು ಎದುರಿಸಿ, ತನ್ನ ಬಲದ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಕಳೆದುಕೊಂಡು ಹಿಂದೆ ಸರಿಯಿತು. ಡಿಸೆಂಬರ್ 3ರಂದು ಅದು ಕೂತ್ ಎಂಬ ಸಣ್ಣ ಪಟ್ಟಣವನ್ನು ತಲುಪಿತು. ಮೂರು ಕಡೆ ನದಿ ಬಳಸಿ ಹರಿಯುವ ಈ ಊರಿನಲ್ಲಿ ನಿಂತು ಕಾದಾಡಲು ಡಿವಿಜನ್ನಿನ ಮುಖ್ಯಸ್ಥ ಮೇಜರ್ ಜನರಲ್ ಟೌನ್‌ಶೆಂಡ್ ನಿರ್ಧರಿಸಿದರು. ಮೂರು ಕಡೆ ನೀರಿರುವ ಸ್ಥಳವು ರಕ್ಷಣೆಗೆ ಅನುಕೂಲವೇನೋ ಹೌದು. ಆದರೆ ಅಲ್ಲಿಂದ ಹೊರಬರುವುದೂ ಅಷ್ಟೇ ಕಷ್ಟ. ಡಿಸೆಂಬರ್ 7ರಂದು ಮುತ್ತಿಗೆ ಪೂರ್ಣಗೊಂಡಿತು.

ಡಿಸೆಂಬರ್ 24ರಂದು ತುರ್ಕಿ ಸೈನ್ಯವು ಊರಿನ ಈಶಾನ್ಯ ಮೂಲೆಯ ಕೋಟೆಯ ಮೇಲೆ ದೊಡ್ಡ ದಾಳಿ ನಡೆಸಿತು. ಕೋಟೆಯ ಗೋಡೆ ಫಿರಂಗಿ ಗುಂಡುಗಳಿಂದ ಒಡೆದಿತ್ತು. ಅದನ್ನು ಉಳಿಸಿಕೊಂಡವರಲ್ಲಿ 103ನೆಯ ಮರಾಠಾ ಸಿಪಾಯಿಗಳು ಇದ್ದರು. ಆ ನಂತರ ತುರ್ಕಿ ಸೈನ್ಯ ದೊಡ್ಡ ಪ್ರಮಾಣದ ದಾಳಿಯನ್ನು ಕೈಬಿಟ್ಟು ಹಸಿವೆಗೆ ಕೆಲಸ ವಹಿಸಿತು.

ಮುತ್ತಿಗೆಯ ನಿಜವಾದ ಲೆಕ್ಕ ಮದ್ದುಗುಂಡಿನದಲ್ಲ, ಆಹಾರಧಾನ್ಯದ್ದು. ದಿನದ ಪಡಿಯನ್ನು ಹಂತಹಂತವಾಗಿ ಇಳಿಸಲಾಯಿತು. ಕುದುರೆ ಮತ್ತು ಹೇಸರಗತ್ತೆಗಳ ಮಾಂಸವನ್ನು ಪಡಿಯಾಗಿ ಕೊಡತೊಡಗಿದಾಗ ಭಾರತೀಯ ಸೈನಿಕರಲ್ಲಿ ಬಹುಪಾಲು ಜನ ಅದನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯಿಂದ ಹೊರಗಾಗುವ ಭಯ ಇದಕ್ಕೆ ಕಾರಣವಾಗಿತ್ತು. ಇದನ್ನು ಮೂಢನಂಬಿಕೆ ಎಂದು ಬರೆದಿರುವ ಲೇಖಕರಿದ್ದಾರೆ. ಹಳ್ಳಿಯಲ್ಲಿ ಮಗಳ ಮದುವೆ, ತಂದೆಯ ಉತ್ತರಕ್ರಿಯೆ ಎಲ್ಲವೂ ಬಂಧುಬಳಗದ ಒಪ್ಪಿಗೆಯ ಮೇಲೆ ನಿಂತಿದ್ದ ಆ ಕಾಲದ ಸಿಪಾಯಿಗೆ ಅದು ಲಘುವಾದ ವಿಷಯವಾಗಿರಲಿಲ್ಲ ಎಂಬುದನ್ನು ಗಮನಿಸಬೇಕಾಗುತ್ತದೆ. ಹಸಿರು ತರಕಾರಿಯೂ ಇಲ್ಲದೆ, ಮಾಂಸವೂ ಇಲ್ಲದೆ ಸ್ಕರ್ವಿ ರೋಗ ಹಬ್ಬಿತು. ಏಪ್ರಿಲ್ ವೇಳೆಗೆ ಅನೇಕರು ಅನಿವಾರ್ಯವಾಗಿ ಮಾಂಸ ಸ್ವೀಕರಿಸಿದರೂ ದೇಹದಲ್ಲಿ ಶಕ್ತಿ ಉಳಿದಿರಲಿಲ್ಲ.

ಬಿಡುಗಡೆಗಾಗಿ ದಕ್ಷಿಣದಿಂದ ಬಂದ ಸೈನ್ಯವು ಜನವರಿಯಿಂದ ಏಪ್ರಿಲ್‌ವರೆಗೆ ಮತ್ತೆ ಮತ್ತೆ ಪ್ರಯತ್ನಿಸಿ ಸುಮಾರು 23,000 ಸಾವುನೋವುಗಳನ್ನು ಅನುಭವಿಸಿತು. ಅದರ ಫಿರಂಗಿಗಳ ಶಬ್ದ ಕೂತ್‌ನೊಳಗಿನವರಿಗೆ ಕೇಳಿಸುತ್ತಿತ್ತು, ಆದರೆ ಸೈನ್ಯ ಬಂದು ತಲುಪಲಿಲ್ಲ. ಕೊನೆಯ ವಾರಗಳಲ್ಲಿ ವಿಮಾನಗಳಿಂದ ಹಿಟ್ಟಿನ ಮೂಟೆಗಳನ್ನು ಕೆಳಕ್ಕೆ ಹಾಕುವ ಪ್ರಯತ್ನವೂ ನಡೆಯಿತು. ಮುತ್ತಿಗೆಗೊಳಗಾದ ಸೈನ್ಯಕ್ಕೆ ವಿಮಾನದ ಮೂಲಕ ಆಹಾರ ಪೂರೈಸಿದ ಮೊದಲ ನಿದರ್ಶನವೆಂದು ಇದನ್ನು ಇತಿಹಾಸಕಾರರು ಗುರುತಿಸುತ್ತಾರೆ. ಕೆಲವು ಮೂಟೆಗಳು ಟೈಗ್ರಿಸ್ ನದಿಗೆ ಬಿದ್ದವು. ಉಳಿದವು ಹತ್ತಾರು ಸಾವಿರ ಬಾಯಿಗಳಿಗೆ ಸಾಲುವಂತಿರಲಿಲ್ಲ.

1916ರ ಏಪ್ರಿಲ್ 29ರಂದು, 147ನೆಯ ದಿನ, ಕೂತ್ ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಮೂರು ಮರಾಠಾ ತುಕಡಿಗಳಲ್ಲಿ ಬದುಕುಳಿದಿದ್ದ ಎಲ್ಲರೂ ಒಂದೇ ದಿನ ಸೆರೆಯಾಳುಗಳಾದರು. ಮರುಭೂಮಿಯ ಬಿಸಿಲಿನಲ್ಲಿ ಅವರನ್ನು ಉತ್ತರಕ್ಕೆ ನಡೆಸಿಕೊಂಡು ಹೋಗಿ ರಾಸ್ ಅಲ್ ಐನ್ ಮುಂತಾದ ಕಡೆ ಬಾಗ್ದಾದ್ ರೈಲು ಮಾರ್ಗದ ಕೆಲಸಕ್ಕೆ ಹಚ್ಚಲಾಯಿತು. ಸಾವಿರಾರು ಜನ ಮರಳಿ ಬರಲಿಲ್ಲ. ಭಾರತದಲ್ಲಿ ಹೊಸ ನೇಮಕಾತಿಯಿಂದ ಈ ತುಕಡಿಗಳನ್ನು ಮತ್ತೆ ಕಟ್ಟಲಾಯಿತು. ಸಂಖ್ಯೆಯೂ ಲಾಂಛನವೂ ಹಳೆಯವೇ ಉಳಿದವು, ಜನ ಮಾತ್ರ ಹೊಸಬರು.

ಮೆಸೊಪೊಟೇಮಿಯದಲ್ಲಿ ಮಡಿದು ಸಮಾಧಿ ಗುರುತಾಗದ 40,000ಕ್ಕೂ ಹೆಚ್ಚು ಜನರ ನೆನಪಿಗೆ ಬಸ್ರಾದಲ್ಲಿ ಸ್ಮಾರಕವನ್ನು ನಿರ್ಮಿಸಲಾಗಿದೆ. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರ ಹಾಗೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಲಾಯಿತು. ಭಾರತೀಯ ಸಿಪಾಯಿಗಳನ್ನು ಮಾತ್ರ ತುಕಡಿವಾರು ಸಂಖ್ಯೆಯಲ್ಲಿ ತೋರಿಸಲಾಯಿತು: ಇಂತಹ ತುಕಡಿ, ಇಂತಿಷ್ಟು ಜನ. ಹೆಸರುಗಳು ಸರ್ಕಾರದ ಬಳಿ ಇರಲಿಲ್ಲವೆಂದಲ್ಲ. ಪ್ರತಿಯೊಬ್ಬ ಸಿಪಾಯಿಯ ವೇತನ ಪಾವತಿಗೆ ಹೆಸರು, ತಂದೆಯ ಹೆಸರು, ಗ್ರಾಮ, ತಾಲ್ಲೂಕುಗಳ ವಿವರ ಬೇಕೇ ಬೇಕಾಗಿತ್ತು. ಈ ಅಸಮಾನತೆಯನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ತನ್ನ ವಿಶೇಷ ಸಮಿತಿಯ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿತು. ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ ಬಂದ ಕ್ಷಮೆಯಾದರೂ ಅದನ್ನು ದಾಖಲಿಸುವುದು ಅಗತ್ಯ.

ಇಟಲಿಯಲ್ಲಿ

ಎರಡನೆಯ ಮಹಾಯುದ್ಧದಲ್ಲಿ ರೆಜಿಮೆಂಟಿನ ಬೆಟಾಲಿಯನ್‌ಗಳು ಆಫ್ರಿಕ, ಇಟಲಿ ಮತ್ತು ಬರ್ಮಾ ರಂಗಗಳಲ್ಲಿ ಹೋರಾಡಿದವು. ಕೂತ್‌ನ ಒಡನಾಡಿಗಳಾದ ಒಂದನೆಯ ಮತ್ತು ಮೂರನೆಯ ಬೆಟಾಲಿಯನ್‌ಗಳು ಇಟಲಿಯಲ್ಲಿ ಬೇರೆ ಬೇರೆ ಡಿವಿಜನ್‌ಗಳಲ್ಲಿದ್ದು, ತಲಾ ಒಂದು ವಿಕ್ಟೋರಿಯಾ ಕ್ರಾಸ್ ಗಳಿಸಿದವು.

ಮೂರನೆಯ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ತಮ್ಮ ತಂಡದವರೆಲ್ಲ ಬಿದ್ದ ಮೇಲೆ, ಒಬ್ಬರೇ ಮೆಷಿನ್ ಗನ್ ನೆಲೆಗೆ ನುಗ್ಗಿದರು. ಬಂದೂಕಿನ ಗುಂಡು ಮುಗಿದಾಗ ಮತ್ತೆ ತುಂಬಲು ಸಮಯವಿಲ್ಲದೆ ಅದರ ನಳಿಗೆಯನ್ನೇ ಹಿಡಿದು ಬಡಿದು ನೆಲೆಯನ್ನು ವಶಪಡಿಸಿಕೊಂಡು, ಅಲ್ಲಿಯೇ ಅಡಗಿದ್ದ ಗುರಿಕಾರರ ಗುಂಡಿಗೆ ಬಲಿಯಾದರು.

ಒಂದನೆಯ ಬೆಟಾಲಿಯನ್ನಿನ ಸಿಪಾಯಿ ನಾಮದೇವ ಜಾಧವ್ ಕಂಪನಿಯ ಸಂದೇಶವಾಹಕರಾಗಿದ್ದರು. 1945ರ ಏಪ್ರಿಲ್ 9ರಂದು ಸೆನಿಯೋ ನದಿಯ ಏರಿಯ ಮೇಲಿನ ದಾಳಿಯಲ್ಲಿ ಅವರ ಕಂಪನಿಯ ಮುಂಚೂಣಿಯ ತಂಡ ಬಹುತೇಕ ನಾಶವಾಯಿತು. ಅವರು ಗಾಯಗೊಂಡವರನ್ನು ಒಬ್ಬೊಬ್ಬರನ್ನಾಗಿ ಹೊತ್ತು, ಆಳವಾದ ನೀರು ದಾಟಿಸಿ, ನೆಲಬಾಂಬುಗಳಿದ್ದ ಏರಿಯ ಮೂಲಕ ಸುರಕ್ಷಿತ ಸ್ಥಳಕ್ಕೆ ಸೇರಿಸಿದರು. ಅನಂತರ ಮರಳಿ ಹೋಗಿ ಮೂರು ಮೆಷಿನ್ ಗನ್ ನೆಲೆಗಳನ್ನು ಮುಗಿಸಿದರು. ಕೈಗೆ ಗುಂಡು ತಗುಲಿ ಬಂದೂಕು ಹಿಡಿಯಲಾಗದೆ ಹೋದಾಗ ಕೈಬಾಂಬುಗಳನ್ನು ಬಳಸಿದರು. ಕೊನೆಗೆ ಏರಿಯ ಮೇಲೆ ನಿಂತು ಛತ್ರಪತಿ ಶಿವಾಜಿ ಮಹಾರಾಜರ ಜಯಘೋಷ ಮಾಡಿ ಉಳಿದ ಕಂಪನಿಗಳನ್ನು ಕರೆದರು. ಆ ದಿನದ ಸಾಹಸದ ನಂತರವೂ ಬದುಕುಳಿದ ಅವರು 1984ರಲ್ಲಿ ನಿಧನರಾದರು.

ಬೇರೆ ಮನೆಗೆ ಹೋದ ಬೆಟಾಲಿಯನ್

ಯುದ್ಧ ಮುಗಿದ ನಂತರ 1946ರಲ್ಲಿ ಮೂರನೆಯ ಬೆಟಾಲಿಯನ್ನಿಗೆ ಪ್ಯಾರಾಚೂಟ್ ತರಬೇತಿ ನೀಡಲಾಯಿತು. 1948ರಲ್ಲಿ ಜಮ್ಮುವಿನ ನೌಶೇರಾ ವಲಯದಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ 50ನೆಯ ಪ್ಯಾರಾಚೂಟ್ ಬ್ರಿಗೇಡಿನಲ್ಲಿದ್ದು, ಜಂಗಡ್ ಎಂಬ ಸ್ಥಳವನ್ನು ಮರಳಿ ಗೆಲ್ಲುವಲ್ಲಿ ಇದು ಪಾಲ್ಗೊಂಡಿತು. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ರಚನೆಯಾದಾಗ ಇದು ಅದರ ಎರಡನೆಯ ಬೆಟಾಲಿಯನ್ ಆಯಿತು. ಅಂದಿನಿಂದ ‘3 ಮರಾಠಾ’ ಎಂಬ ಸಂಖ್ಯೆ ರೆಜಿಮೆಂಟಿನ ಪಟ್ಟಿಯಲ್ಲಿ ಖಾಲಿ ಉಳಿಯಿತು. ದಾಖಲೆಗಳಲ್ಲಿ ‘2 ಪ್ಯಾರಾ’ ಎಂದಿದ್ದರೂ ಹೆಸರಿನ ಜೊತೆಗೆ ‘ಮರಾಠಾ’ ಎಂಬುದನ್ನು ಸೇರಿಸಿ ಕರೆಯುವ ರೂಢಿ ಬಹುಕಾಲ ನಡೆದುಬಂದಿತು. ಲಗ್ನವಾಗಿ ಬೇರೆ ಮನೆಗೆ ಹೋದ ಮಗಳನ್ನು ತವರಿನ ಹೆಸರಿನಿಂದ ಗುರುತಿಸುವಂತೆ ಇದು.

1971: ಉತ್ತರದ ದಾರಿ

1971ರ ಡಿಸೆಂಬರ್ 3ರಂದು ಯುದ್ಧ ಆರಂಭವಾದಾಗ ಅಂದಿನ ಪೂರ್ವ ಪಾಕಿಸ್ತಾನದ ಸುತ್ತ ಭಾರತದ ಮೂರು ಕೋರ್‌ಗಳು ಮೂರು ದಿಕ್ಕುಗಳಲ್ಲಿದ್ದವು. ಮೇಘಾಲಯದ ಕಡೆಯ ಉತ್ತರ ದಿಕ್ಕಿಗೆ ಕೋರ್ ಇರಲಿಲ್ಲ. 101 ಸಂಪರ್ಕ ವಲಯ ಎಂಬ, ಮೂಲತಃ ಆಡಳಿತ ಮತ್ತು ಸರಬರಾಜಿಗಾಗಿ ಇದ್ದ ಕಾರ್ಯಾಲಯಕ್ಕೆ ಈ ಹೊಣೆಯನ್ನು ವಹಿಸಲಾಗಿತ್ತು. ಅದರ ಮುಖ್ಯ ಬಲವೆಂದರೆ ಬ್ರಿಗೇಡಿಯರ್ ಹೆಚ್.ಎಸ್. ಕ್ಲೇರ್ ಅವರ 95ನೆಯ ಪರ್ವತ ಬ್ರಿಗೇಡ್. ಜಂಗಿ ಪಲ್ಟನ್ ಈ ಬ್ರಿಗೇಡಿನಲ್ಲಿತ್ತು. ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್ ಅದರ ಮುಖ್ಯಸ್ಥರಾಗಿದ್ದರು. ಅತ್ಯಂತ ಕಡಿಮೆ ಸಂಪನ್ಮೂಲ ದೊರೆತ ಈ ದಿಕ್ಕಿನ ಸೈನ್ಯವೇ ಕೊನೆಗೆ ಢಾಕಾ ನಗರವನ್ನು ಮೊದಲು ಪ್ರವೇಶಿಸಿತು ಎಂಬುದು ಆ ಯುದ್ಧದ ವಿಶೇಷಗಳಲ್ಲೊಂದು.

ಗಡಿಯಲ್ಲಿದ್ದ ಕಮಾಲ್‌ಪುರ ಠಾಣೆಯೇ ಮೊದಲ ಅಡ್ಡಿ. ಕ್ಯಾಪ್ಟನ್ ಅಹ್ಸನ್ ಮಲಿಕ್ ಎಂಬ ಕಿರಿಯ ಅಧಿಕಾರಿ ನೂರೈವತ್ತಕ್ಕೆ ಸಮೀಪದ ಜನರೊಂದಿಗೆ ಅದನ್ನು ಹಿಡಿದಿದ್ದರು. ಬಂಗಾಳಿ ಮುಕ್ತಿ ವಾಹಿನಿಯವರು ಬೇಸಿಗೆಯಿಂದಲೇ ಇದರ ಮೇಲೆ ದಾಳಿ ನಡೆಸುತ್ತಾ ಬಂದಿದ್ದರು. ವಾಹಿನಿಯ ಸೆಕ್ಟರ್ ಮುಖ್ಯಸ್ಥರಾಗಿದ್ದ ಅಬು ತಾಹೆರ್ ನವೆಂಬರ್ 14ರಂದು ಇಲ್ಲಿಯೇ ಒಂದು ಕಾಲನ್ನು ಕಳೆದುಕೊಂಡರು. ಮೂರು ವಾರಗಳ ಮುತ್ತಿಗೆಯ ನಂತರ ಡಿಸೆಂಬರ್ 4ರಂದು ಠಾಣೆ ಶರಣಾಯಿತು. ಎದುರಾಳಿಯ ಧೈರ್ಯವನ್ನು ಮೆಚ್ಚಿ ಭಾರತದ ಭೂಸೇನಾ ಮುಖ್ಯಸ್ಥ ಜನರಲ್ ಮಾಣೆಕ್‌ಷಾ ಅವರೇ ಕ್ಯಾಪ್ಟನ್ ಮಲಿಕ್ ಅವರಿಗೆ ಅಭಿನಂದನೆಯ ಸಂದೇಶ ಕಳುಹಿಸಿದರು.

ಮರುದಿನವೇ ಬಕ್ಷಿಗಂಜ್ ಬಳಿ ನೆಲಬಾಂಬ್ ಸಿಡಿದು ವಲಯದ ಮುಖ್ಯಸ್ಥ ಮೇಜರ್ ಜನರಲ್ ಗುರ್‌ಬಕ್ಷ್ ಸಿಂಗ್ ಗಿಲ್ ಗಾಯಗೊಂಡರು. ಅವರ ಸ್ಥಾನಕ್ಕೆ ಮೇಜರ್ ಜನರಲ್ ಜಿ.ಎಸ್. ನಾಗ್ರಾ ಬಂದರು.

ಜಮಾಲ್‌ಪುರದ ಹಿಂಬದಿಯಲ್ಲಿ

ಮುಂದಿನ ದೊಡ್ಡ ನೆಲೆ ಜಮಾಲ್‌ಪುರ. ಹಳೆಯ ಬ್ರಹ್ಮಪುತ್ರ ನದಿಯ ಆಚೆಯ ದಂಡೆಯ ಈ ಪಟ್ಟಣದಲ್ಲಿ ಪಾಕಿಸ್ತಾನದ 31 ಬಲೂಚ್ ಬೆಟಾಲಿಯನ್ ಭದ್ರವಾದ ಕಂದಕಗಳಲ್ಲಿ ನೆಲೆಸಿತ್ತು. ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹಮದ್ ಅದರ ಮುಖ್ಯಸ್ಥರು. ಅವರ ಬಂದೂಕುಗಳೆಲ್ಲ ಉತ್ತರಕ್ಕೆ, ನದಿಯ ಕಡೆಗೆ ಮುಖ ಮಾಡಿದ್ದವು. ಭಾರತೀಯರು ಬರಬೇಕಾದ ದಾರಿ ಅದೇ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಆ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಎದುರಾಳಿ ಅದರಂತೆ ನಡೆಯಲಿಲ್ಲ, ಅಷ್ಟೆ.

ಜಂಗಿ ಪಲ್ಟನ್ ಮತ್ತು 13 ಗಾರ್ಡ್ಸ್ ಬೆಟಾಲಿಯನ್‌ಗಳು ಪಟ್ಟಣದ ಮೇಲೆ ನೇರವಾಗಿ ದಾಳಿ ಮಾಡದೆ, ಬೇರೆಡೆ ನದಿ ದಾಟಿ, ಬಳಸಿ ನಡೆದು ಅದರ ದಕ್ಷಿಣಕ್ಕೆ ಬಂದು ಕುಳಿತವು. ಸೇತುವೆ ಕಟ್ಟುವ ಭಾರಿ ಸಾಮಗ್ರಿ ಈ ಸೈನ್ಯದ ಬಳಿ ಇರಲಿಲ್ಲ. ಸ್ಥಳೀಯ ದೋಣಿಗಳೇ ಆಸರೆಯಾದವು. ಮುಕ್ತಿ ವಾಹಿನಿಯವರೂ ಹಳ್ಳಿಗರೂ ದಾರಿ ತೋರಿಸಿ, ಸಾಮಾನು ಸಾಗಿಸಲು ನೆರವಾದರು. ಜಮಾಲ್‌ಪುರದಿಂದ ತಾಂಗೈಲ್ ಮೂಲಕ ಢಾಕಾಕ್ಕೆ ಹೋಗುವ ರಸ್ತೆಯನ್ನು ಮರಾಠಾ ಸೈನಿಕರು ತಡೆದು ಕಂದಕಗಳನ್ನು ತೋಡಿಕೊಂಡರು.

ಇಂತಹ ರಸ್ತೆತಡೆಯ ಪರಿಣಾಮವನ್ನು ಸಾಮಾನ್ಯ ಓದುಗರಿಗೆ ವಿವರಿಸುವುದು ಅವಶ್ಯಕ. ಭದ್ರವಾದ ನೆಲೆಯಲ್ಲಿರುವ ಸೈನ್ಯದ ಮೇಲೆ ದಾಳಿ ಮಾಡುವವರು ರಕ್ಷಕರಿಗಿಂತ ಹಲವು ಪಟ್ಟು ಹೆಚ್ಚಿರಬೇಕು, ಸಾವುನೋವೂ ಅಷ್ಟೇ ಹೆಚ್ಚು. ಆದರೆ ಹಿಂದಿನ ರಸ್ತೆಯನ್ನು ಯಾರಾದರೂ ಹಿಡಿದು ಕುಳಿತರೆ ಸ್ಥಿತಿ ತಲೆಕೆಳಗಾಗುತ್ತದೆ. ಆಹಾರ, ಮದ್ದುಗುಂಡು, ಗಾಯಾಳುಗಳ ಸಾಗಣೆ ಎಲ್ಲವೂ ನಿಲ್ಲುತ್ತವೆ. ಒಳಗಿರುವ ಸೈನ್ಯ ಹೊರಬರಬೇಕಾದರೆ ತನ್ನ ಕಂದಕಗಳನ್ನು ತೊರೆದು ಬಯಲಿನಲ್ಲಿ ನಡೆದು, ಕಂದಕದಲ್ಲಿರುವ ಎದುರಾಳಿಯ ಮೇಲೆ ತಾನೇ ದಾಳಿ ಮಾಡಬೇಕಾಗುತ್ತದೆ. ರಸ್ತೆತಡೆಯವರಿಗೆ ಅಪಾಯವಿಲ್ಲವೆಂದಲ್ಲ. ಅವರೂ ತಮ್ಮ ಮುಖ್ಯ ಸೈನ್ಯದಿಂದ ಬೇರ್ಪಟ್ಟಿರುತ್ತಾರೆ, ತಂದಷ್ಟೇ ಮದ್ದುಗುಂಡು ಅವರ ಬಳಿ ಇರುತ್ತದೆ, ಮತ್ತು ಎರಡೂ ದಿಕ್ಕುಗಳಿಂದ ದಾಳಿಯನ್ನು ನಿರೀಕ್ಷಿಸಬೇಕಾಗುತ್ತದೆ.

ಡಿಸೆಂಬರ್ 9ರಂದು ಬ್ರಿಗೇಡಿಯರ್ ಕ್ಲೇರ್ ಶರಣಾಗುವಂತೆ ಕೋರಿ ಪತ್ರವೊಂದನ್ನು ಕಳುಹಿಸಿದರು. ಮುಕ್ತಿ ವಾಹಿನಿಯ ಜಹೂರುಲ್ ಹಕ್ ಮುನ್ಷಿ ಅವರು ಬಿಳಿ ಬಾವುಟ ಹಿಡಿದು ಅದನ್ನು ಪಟ್ಟಣದೊಳಗೆ ಒಯ್ದರು. ಜೀವದ ಹಂಗು ತೊರೆದು ಮಾಡಿದ ಈ ಕೆಲಸವನ್ನು ಬಾಂಗ್ಲಾದೇಶ ಸರ್ಕಾರ ಅನಂತರ ಶೌರ್ಯ ಪ್ರಶಸ್ತಿ ನೀಡಿ ಗೌರವಿಸಿತು. ಕರ್ನಲ್ ಸುಲ್ತಾನ್ ಅಹಮದ್ ಅವರ ಉತ್ತರ ಅದೇ ದಿನ ಸಂಜೆ ಬಂದಿತು. ಕಾಗದದೊಳಗೆ ಒಂದು ಗುಂಡನ್ನು ಸುತ್ತಿ ಕಳುಹಿಸಲಾಗಿತ್ತು. ಯುದ್ಧ ಇನ್ನೂ ಆರಂಭವೇ ಆಗಿಲ್ಲವೆಂದೂ, ಬ್ರಿಗೇಡಿಯರ್ ಹೇಳುವ ವಿಮಾನ ದಾಳಿಗಳು ಸಾಲವೆಂದೂ, ಲೇಖನಿಯ ಬದಲು ಕೈಯಲ್ಲಿ ಸ್ಟೆನ್ ಬಂದೂಕು ಹಿಡಿದು ಭೇಟಿಯಾಗಬೇಕೆಂದೂ ಅದರಲ್ಲಿ ಬರೆದಿದ್ದರು. ಈ ಎರಡು ಪತ್ರಗಳು ಎರಡೂ ದೇಶಗಳ ಸೇನಾ ಇತಿಹಾಸಗಳಲ್ಲಿ ಸೇರಿವೆ.

ಡಿಸೆಂಬರ್ 10ರ ಮಧ್ಯರಾತ್ರಿ 31 ಬಲೂಚ್ ಪಟ್ಟಣದಿಂದ ಹೊರಬಂದು ತಾಂಗೈಲ್ ರಸ್ತೆಯಲ್ಲಿ ನಡೆಯಿತು. ಆ ರಸ್ತೆಯ ಮೇಲೆ ಜಂಗಿ ಪಲ್ಟನ್ ಕುಳಿತಿತ್ತು. ಕಾಲ್ನಡಿಗೆಯಲ್ಲಿ ಬರುತ್ತಿದ್ದ ಸಾಲುಗಳು ಸಮೀಪಿಸುವವರೆಗೆ ಕಾದು ಮರಾಠಾ ಸೈನಿಕರು ಗುಂಡು ಹಾರಿಸಿದರು. ಬಲೂಚ್ ಸೈನಿಕರು ಹಿಂದೆ ಸರಿಯಲಿಲ್ಲ. ಬೆಳಗಿನ ಜಾವದವರೆಗೆ ಅಲೆ ಅಲೆಯಾಗಿ ಮತ್ತೆ ಮತ್ತೆ ನುಗ್ಗಿದರು. ಕೆಲವೆಡೆ ಕಂದಕದ ಅಂಚಿನವರೆಗೂ ಬಂದರು. ಬೆಳಕು ಹರಿದಾಗ ರಸ್ತೆಯ ಮೇಲೂ ಗದ್ದೆಗಳಲ್ಲೂ ಅವರ ಇನ್ನೂರಕ್ಕೂ ಹೆಚ್ಚು ಜನ ಮಡಿದು ಬಿದ್ದಿದ್ದರು. ಜಂಗಿ ಪಲ್ಟನ್ನಿನವರೂ ಆ ರಾತ್ರಿ ಪ್ರಾಣ ತೆತ್ತರು. ಅವರ ಸಂಖ್ಯೆ ಎದುರಾಳಿಯ ಹಾನಿಗೆ ಹೋಲಿಸಿದರೆ ಬಹಳ ಕಡಿಮೆ. ಕರ್ನಲ್ ಸುಲ್ತಾನ್ ಅಹಮದ್ ಒಂದಷ್ಟು ಜನರೊಂದಿಗೆ ಕತ್ತಲಲ್ಲಿ ಪಾರಾಗಿ ಢಾಕಾ ಸೇರಿದರು. ಪಟ್ಟಣದಲ್ಲಿ ಉಳಿದ ಮುನ್ನೂರಕ್ಕೂ ಹೆಚ್ಚು ಜನ ಡಿಸೆಂಬರ್ 11ರ ಬೆಳಿಗ್ಗೆ ಶರಣಾದರು.

ಕರ್ನಲ್ ಬ್ರಾರ್ ಅವರಿಗೆ ವೀರ ಚಕ್ರ ದೊರೆಯಿತು. ‘ಜಮಾಲ್‌ಪುರ’ ಎಂಬ ಯುದ್ಧ ಗೌರವವನ್ನು ಬೆಟಾಲಿಯನ್ನಿಗೆ ನೀಡಲಾಯಿತು.

ಪುಂಗ್ಲಿ ಸೇತುವೆ

ಅದೇ ಡಿಸೆಂಬರ್ 11ರ ಸಂಜೆ, ಜಮಾಲ್‌ಪುರದ ದಕ್ಷಿಣಕ್ಕೆ ತಾಂಗೈಲ್ ಬಳಿ, ಭಾರತೀಯ ವಾಯುಪಡೆಯ ಡಕೋಟ, ಪ್ಯಾಕೆಟ್ ಮುಂತಾದ ವಿಮಾನಗಳಿಂದ ಸುಮಾರು 700 ಜನರ ಒಂದು ಬೆಟಾಲಿಯನ್ ತಂಡ ಪ್ಯಾರಾಚೂಟುಗಳಲ್ಲಿ ಇಳಿಯಿತು. ಲೋಹಜಂಗ್ ನದಿಯ ಪುಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡು, ಮೈಮನ್‌ಸಿಂಗ್ ಮತ್ತು ಜಮಾಲ್‌ಪುರಗಳಿಂದ ಢಾಕಾ ಕಡೆಗೆ ಹಿಂದೆಗೆಯುತ್ತಿದ್ದ ಪಾಕಿಸ್ತಾನದ 93ನೆಯ ಬ್ರಿಗೇಡನ್ನು ತಡೆಯುವುದು ಅದರ ಕೆಲಸ. ಕೆಲವು ಸಾಮಗ್ರಿಗಳು ಕೆರೆಕುಂಟೆಗಳಿಗೆ ಬಿದ್ದವು. ಹಳ್ಳಿಗರು ನೀರಿಗಿಳಿದು ಅವುಗಳನ್ನು ಎತ್ತಿ, ತಲೆಯ ಮೇಲೆ ಹೊತ್ತು ತಂದುಕೊಟ್ಟರು. ಕತ್ತಲಾದ ಸ್ವಲ್ಪ ಹೊತ್ತಿಗೆ ಸೇತುವೆ ಭಾರತೀಯರ ವಶವಾಯಿತು. ರಾತ್ರಿಯಿಡೀ ಉತ್ತರದಿಂದ ಬಂದ ಪಾಕಿಸ್ತಾನಿ ಸೈನಿಕರು ಸೇತುವೆಯನ್ನು ಮರಳಿ ಪಡೆಯಲು ಪ್ರಯತ್ನಿಸಿ ಭಾರಿ ಹಾನಿ ಅನುಭವಿಸಿದರು.

ಈ ಬೆಟಾಲಿಯನ್ನೇ 2 ಪ್ಯಾರಾ, ಅಂದರೆ ಹಿಂದಿನ 3 ಮರಾಠಾ. ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅದರ ಮುಖ್ಯಸ್ಥರಾಗಿದ್ದು, ಅವರಿಗೆ ಮಹಾವೀರ ಚಕ್ರ ಲಭಿಸಿತು.

ಶತ್ರುಗಳ ಹಿಂದೆ ಆಕಾಶದಿಂದ ಇಳಿದ ಸೈನ್ಯವನ್ನು ನೆಲದ ಸೈನ್ಯ ಬಂದು ಬೇಗ ಕೂಡಿಕೊಳ್ಳದಿದ್ದರೆ ಇಳಿದವರು ತಾವೇ ಮುತ್ತಿಗೆಗೆ ಸಿಕ್ಕಿಕೊಳ್ಳುತ್ತಾರೆ. ಕೂತ್‌ನಲ್ಲಿ 103ನೆಯ ಮತ್ತು 110ನೆಯ ತುಕಡಿಗಳು ನಾಲ್ಕೂವರೆ ತಿಂಗಳು ಕಾದರೂ ಯಾರೂ ಬರಲಿಲ್ಲ. ಪುಂಗ್ಲಿಯಲ್ಲಿ ಹಾಗಾಗಲಿಲ್ಲ. ಜಮಾಲ್‌ಪುರದ ರಾತ್ರಿ ಕಳೆದ ಕೂಡಲೇ ಜಂಗಿ ಪಲ್ಟನ್ ವಿಶ್ರಾಂತಿ ಇಲ್ಲದೆ ತಾಂಗೈಲ್ ಕಡೆಗೆ ಹೊರಟು, ಡಿಸೆಂಬರ್ 12ರ ಸಂಜೆ ಸೇತುವೆಯನ್ನು ತಲುಪಿತು. ಅಂದರೆ ಸುಮಾರು ಇಪ್ಪತ್ತನಾಲ್ಕು ಗಂಟೆಗಳಲ್ಲಿ. ಕೆಂಗಂದು ಟೊಪ್ಪಿಯವರನ್ನು ಮೊದಲು ಬಂದು ಕೂಡಿಕೊಂಡ ಬೆಟಾಲಿಯನ್ ಅವರದೇ ಹಳೆಯ ರೆಜಿಮೆಂಟಿನದಾಗಿದ್ದುದು ಯಾರೂ ಯೋಜಿಸಿದ್ದಲ್ಲ. ಬ್ರಿಗೇಡುಗಳ ಹಂಚಿಕೆಯಲ್ಲಿ ಹಾಗೆ ಒದಗಿಬಂದಿತು. 93ನೆಯ ಬ್ರಿಗೇಡಿನ ಮುಖ್ಯಸ್ಥ ಬ್ರಿಗೇಡಿಯರ್ ಅಬ್ದುಲ್ ಖಾದಿರ್ ಖಾನ್ ತಮ್ಮ ಬ್ರಿಗೇಡು ಚದುರಿದ ನಂತರ ಸೆರೆಯಾದರು.

ತಾಂಗೈಲಿನಿಂದ ಢಾಕಾಕ್ಕೆ ನೂರು ಕಿಲೋಮೀಟರಿಗೆ ಸಮೀಪದ ದೂರ. ಡಿಸೆಂಬರ್ 16ರ ಮುಂಜಾನೆಗೆ ಮೊದಲೇ 2 ಪ್ಯಾರಾ ನಗರದ ಅಂಚಿನ ಮೀರ್‌ಪುರ ಸೇತುವೆಯನ್ನು ತಲುಪಿತ್ತು. ಅಲ್ಲಿಂದ ಜನರಲ್ ನಾಗ್ರಾ ಅವರು ಪಾಕಿಸ್ತಾನದ ಲೆಫ್ಟಿನೆಂಟ್ ಜನರಲ್ ನಿಯಾಜಿ ಅವರಿಗೆ, ಹಳೆಯ ಪರಿಚಯದ ಸಲುಗೆಯಿಂದ, ಶರಣಾಗತಿಯ ಚೀಟಿಯೊಂದನ್ನು ಕಳುಹಿಸಿದರು. ಅದನ್ನು ಒಯ್ದವರಲ್ಲಿ 2 ಪ್ಯಾರಾದ ಕ್ಯಾಪ್ಟನ್ ನಿರ್ಭಯ್ ಶರ್ಮಾ ಒಬ್ಬರು. ಇವರು ಮುಂದೆ ಅರುಣಾಚಲ ಪ್ರದೇಶ ಮತ್ತು ಮಿಜೋರಾಂ ರಾಜ್ಯಪಾಲರಾದರು. ಬೆಳಿಗ್ಗೆ ಭಾರತೀಯ ಸೈನ್ಯ ನಗರ ಪ್ರವೇಶಿಸಿತು. ಸಂಜೆ ಶರಣಾಗತಿಯ ಒಪ್ಪಂದಕ್ಕೆ ಸಹಿ ಬಿದ್ದಿತು. ಸುಮಾರು 93,000 ಜನ ಸೆರೆಯಾದರು. ಅವರನ್ನು ಭಾರತದ ಶಿಬಿರಗಳಲ್ಲಿ ಇರಿಸಿ, ಅನಂತರ ಸ್ವದೇಶಕ್ಕೆ ಕಳುಹಿಸಿಕೊಡಲಾಯಿತು.

ಕುಟುಂಬದವರ ಮಾಹಿತಿಗಾಗಿ: ಪದಕಗಳನ್ನು ಓದುವ ಬಗೆ

ಮಡಿದ ಅಥವಾ ನಿವೃತ್ತರಾಗಿ ನಿಧನರಾದ ಸೈನಿಕರ ಮನೆಗಳಲ್ಲಿ ಪದಕಗಳು ಪೆಟ್ಟಿಗೆಯ ತಳದಲ್ಲಿ ಉಳಿದಿರುವುದುಂಟು. ಯಾವ ಯುದ್ಧದಲ್ಲಿ, ಯಾವ ದಿಕ್ಕಿನಲ್ಲಿ ಹಿರಿಯರು ಸೇವೆ ಸಲ್ಲಿಸಿದರು ಎಂಬುದು ಮೊಮ್ಮಕ್ಕಳಿಗೆ ತಿಳಿದಿರುವುದಿಲ್ಲ. 1971ರ ಯುದ್ಧದ ಪೂರ್ವ ರಂಗದಲ್ಲಿ ಸೇವೆ ಸಲ್ಲಿಸಿದವರಿಗೆ ‘ಪೂರ್ವಿ ಸ್ಟಾರ್’, ಪಶ್ಚಿಮ ರಂಗದವರಿಗೆ ‘ಪಶ್ಚಿಮಿ ಸ್ಟಾರ್’ ನೀಡಲಾಗಿದೆ. ‘ಸಂಗ್ರಾಮ ಮೆಡಲ್’ ಆ ಯುದ್ಧಕಾಲದ ಸೇವೆಗೆ ವ್ಯಾಪಕವಾಗಿ ನೀಡಿದ್ದರಿಂದ ಅದೊಂದರಿಂದಲೇ ರಂಗ ಯಾವುದೆಂದು ತಿಳಿಯುವುದಿಲ್ಲ. ಸ್ವಾತಂತ್ರ್ಯದ 25ನೆಯ ವಾರ್ಷಿಕೋತ್ಸವದ ಪದಕವು 1972ರಲ್ಲಿ ಸೇವೆಯಲ್ಲಿದ್ದ ಎಲ್ಲರಿಗೂ ದೊರೆತದ್ದು. ಅದು ಯುದ್ಧದ ಪದಕವಲ್ಲ. ಎರಡನೆಯ ಮಹಾಯುದ್ಧದ ‘ಇಟಲಿ ಸ್ಟಾರ್’ ಇದ್ದಲ್ಲಿ ಆ ಸೈನಿಕರು ಇಟಲಿ ರಂಗದಲ್ಲಿದ್ದರೆಂದು ತಿಳಿಯಬಹುದು.

ಪದಕದ ಅಂಚಿನಲ್ಲಿ ಅಥವಾ ಹಿಂಬದಿಯಲ್ಲಿ ಸಾಮಾನ್ಯವಾಗಿ ಸೈನಿಕ ಸಂಖ್ಯೆ, ದರ್ಜೆ, ಹೆಸರು ಮತ್ತು ರೆಜಿಮೆಂಟನ್ನು ಕೆತ್ತಲಾಗಿರುತ್ತದೆ. ಅಕ್ಷರಗಳು ಬಹಳ ಸಣ್ಣವಾಗಿರುವುದರಿಂದ ಪದಕವನ್ನು ಹುಳಿ ಅಥವಾ ಬೂದಿಯಿಂದ ಉಜ್ಜಬಾರದು. ಹಾಗೆ ಉಜ್ಜಿ ಅಳಿಸಿಹೋದ ಹೆಸರನ್ನು ಮತ್ತೆ ಓದಲಾಗುವುದಿಲ್ಲ. ಸೈನಿಕ ಸಂಖ್ಯೆಯೇ ಎಲ್ಲ ದಾಖಲೆಗಳಿಗೆ ಮೂಲ. ಮರಾಠಾ ಲಘು ಪದಾತಿದಳದವರ ದಾಖಲೆ ಕಚೇರಿ ಬೆಳಗಾವಿಯಲ್ಲಿದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು 1990ರ ದಶಕದ ಆರಂಭದಲ್ಲಿ ಆಗ್ರಾದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿದ್ದು, ಆ ರೆಜಿಮೆಂಟಿನ ದಾಖಲೆ ಕಚೇರಿಯೂ ಬೆಂಗಳೂರಿನಲ್ಲಿದೆ. ಹೀಗಾಗಿ ಪುಂಗ್ಲಿಯಲ್ಲಿ ಭೇಟಿಯಾದ ಎರಡೂ ಬೆಟಾಲಿಯನ್‌ಗಳ ರೆಜಿಮೆಂಟುಗಳ ದಾಖಲೆ ಕಚೇರಿಗಳು ಈಗ ಕರ್ನಾಟಕದಲ್ಲಿಯೇ ಇವೆ. ಕುಟುಂಬದವರು ಡಿಸ್ಚಾರ್ಜ್ ಪುಸ್ತಕ ಅಥವಾ ಪಿಂಚಣಿ ಪಾವತಿ ಆದೇಶದ ಪ್ರತಿಯೊಂದಿಗೆ ತಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯನ್ನು ಸಂಪರ್ಕಿಸಿದಲ್ಲಿ, ಸಂಬಂಧಪಟ್ಟ ದಾಖಲೆ ಕಚೇರಿಗೆ ಪತ್ರ ಬರೆಯಲು ಮಾರ್ಗದರ್ಶನ ಪಡೆಯಬಹುದಾಗಿದೆ. ಸೈನಿಕ ಸಂಖ್ಯೆ ದೊರೆಯದಿದ್ದಲ್ಲಿ ಹೆಸರು, ತಂದೆಯ ಹೆಸರು, ಸೇನೆಗೆ ಸೇರಿದಾಗ ನೀಡಿದ್ದ ಗ್ರಾಮ ಮತ್ತು ತಾಲ್ಲೂಕು, ಹಾಗೂ ಸೇರಿದ ಅಂದಾಜು ವರ್ಷವನ್ನು ಅರ್ಜಿಯಲ್ಲಿ ನಮೂದಿಸುವುದು. ತಾಲ್ಲೂಕು ಅಥವಾ ಜಿಲ್ಲೆ ಅನಂತರ ವಿಭಜನೆಯಾಗಿದ್ದಲ್ಲಿ ಹಳೆಯ ಹೆಸರನ್ನೂ ಬರೆಯುವುದು ಸೂಕ್ತ.